ಸೀಸದ ಗುಂಡು ಎರೆಯುವವನ ಮೊದಲ ಸಲಕರಣೆಗಳು



ಸೊರಬದ ಸೀಮೆ ಕೆರೆಗಳ ಸೀಮೆ. ಕುಪ್ಪಗಡ್ಡೆಯ ಸುತ್ತಮುತ್ತ ಯಾವ ಹಳ್ಳಿಯ ದಾರಿ ಹಿಡಿದರೂ ಒಂದು ಕೆರೆಯ ಏರಿಯನ್ನು ಹತ್ತಿ ಇಳಿಯದೆ ಊರು ಸೇರುವುದು ಅಪರೂಪ. ಸಂಜೆಯ ಹೊತ್ತು ಆ ಏರಿಯ ಮೇಲೆ ಕುಳಿತವನಿಗೆ ಒಂದು ಸದ್ದು ಪರಿಚಿತವಾದದ್ದು. ಮೊಣಕಾಲುದ್ದ ನೀರಿನಲ್ಲಿ ನಿಂತವನು ಬೀಸುಬಲೆಯ ಒಂದು ಮಡಿಕೆಯನ್ನು ಹೆಗಲಿಗೇರಿಸಿ, ಸೊಂಟವನ್ನು ಒಮ್ಮೆ ತಿರುಗಿಸಿ ಎಸೆಯುತ್ತಾನೆ. ಬಲೆ ಗಾಳಿಯಲ್ಲಿ ಕೊಡೆಯಂತೆ ಅರಳುತ್ತದೆ. ಮರುಕ್ಷಣವೇ ಅದರ ಅಂಚಿನ ನೂರಾರು ಗುಂಡುಗಳು ಒಮ್ಮೆಲೇ ನೀರಿಗೆ ಬಿದ್ದು, ಮುಂಗಾರಿನ ಮೊದಲ ಹನಿಗಳು ಬಿದ್ದಂತೆ ಚಟಚಟನೆ ಸದ್ದಾಗುತ್ತದೆ. ಆ ಗುಂಡುಗಳು ಸೀಸದವು. ಅವನ್ನು ಮನೆಯಲ್ಲಿ ಎರೆಯಬೇಕೆಂಬ ಹೊಸಬನು ಯಾವ ಸಲಕರಣೆಗಳನ್ನು ಆರಿಸಿಕೊಳ್ಳಬೇಕೆಂಬುದೇ ಈ ಹೊತ್ತಿನ ನನ್ನ ವಿಷಯ.

ವಿಷಯ ನನಗೆ ಒದಗಿದ್ದು ಹೀಗೆ. ನನ್ನಲ್ಲಿ ಹಿಂದೆ ರಸಾಯನಶಾಸ್ತ್ರವನ್ನು ಓದಿ, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಆ ಕಡೆಯ ಶಿಷ್ಯನೊಬ್ಬನು ಬೇಸಗೆಯಲ್ಲಿ ನನ್ನನ್ನು ಕಾಣಲು ಬಂದಿದ್ದನು. "ಸಾರ್, ಊರಿನ ಮನೆಯ ಅಟ್ಟದಲ್ಲಿ ಹತ್ತು ಕಿಲೋ ಸೀಸ ಬಿದ್ದಿದೆ. ಅಜ್ಜನ ಕೇಪಿನ ಕೋವಿಯೂ ಇದೆ, ಅಪ್ಪನ ಬೀಸುಬಲೆಯೂ ಇದೆ. ಎರಡಕ್ಕೂ ಗುಂಡು ಎರೆಯುವುದನ್ನು ಕಲಿಯಬೇಕೆಂದಿದ್ದೇನೆ. ಮೊದಲು ಏನೇನು ಕೊಳ್ಳಬೇಕು?" ಎಂದು ಕೇಳಿದನು. ಗುಂಡಗಿರುವುದನ್ನೆಲ್ಲ ಗುಂಡು ಎನ್ನುವ ನಮ್ಮ ಭಾಷೆಯಲ್ಲಿ ಬಲೆಯ ಅಂಚಿಗೆ ಕಟ್ಟುವುದೂ ಗುಂಡೇ, ಕೋವಿಯ ನಳಿಗೆಯಿಂದ ಹಾರುವುದೂ ಗುಂಡೇ. ಆದರೆ ಕಾನೂನಿನ ದೃಷ್ಟಿಯಲ್ಲಿ ಇವೆರಡೂ ಒಂದಲ್ಲವಾದುದರಿಂದ ಕೋವಿಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ.

ಮಲೆನಾಡಿನ ಗದ್ದೆಗೆ ಹಂದಿಯ ಕಾಟ ಹೊಸದಲ್ಲ. ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳು ಅನೇಕ ಮನೆಗಳಲ್ಲಿ ಉಂಟು. ಹಿಂದೆ ಈಡಿಗೆ ಬೇಕಾದ ಗುಂಡನ್ನೂ ಚರೆಯನ್ನೂ ಮನೆಯ ಹಿತ್ತಿಲಲ್ಲಿಯೇ ಎರೆದುಕೊಳ್ಳುತ್ತಿದ್ದವರಿದ್ದರು. ಅಮೆರಿಕೆಯಂಥ ದೇಶಗಳಲ್ಲಿ ಇಂದಿಗೂ ಅದು ಒಂದು ಹವ್ಯಾಸ. ಅದಕ್ಕೆ ಬೇಕಾದ ಅಚ್ಚು, ಒಲೆಗಳನ್ನು ಅಂಗಡಿಗಳಲ್ಲಿ ಮಾರುತ್ತಾರೆ. ನಮ್ಮಲ್ಲಿ ಹಾಗಲ್ಲ. 1959ರ ಆಯುಧ ಕಾನೂನಿನ ಪ್ರಕಾರ ಮದ್ದುಗುಂಡನ್ನು ತಯಾರಿಸುವುದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಕೋವಿಯನ್ನು ಇಟ್ಟುಕೊಳ್ಳಲು ಕೊಟ್ಟ ಪರವಾನಗಿ ಅದಕ್ಕೆ ಸಾಲದು. ಅಷ್ಟೇ ಅಲ್ಲದೆ, ಆ ಕಾನೂನು 'ಮದ್ದುಗುಂಡು' ಎಂಬ ಮಾತಿನ ಅರ್ಥದಲ್ಲಿ ಅದರ ಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರೋಪಕರಣಗಳನ್ನೂ ಸೇರಿಸಿದೆ. 2019ರ ತಿದ್ದುಪಡಿಯ ತರುವಾಯ ಇಂಥ ಅಪರಾಧಕ್ಕೆ ಕನಿಷ್ಠ ಶಿಕ್ಷೆಯೇ ಏಳು ವರ್ಷದ ಸೆರೆ. ಕೊಡಗಿನವರಿಗೆ ಇರುವ ವಿನಾಯಿತಿಯನ್ನು ಕೆಲವರು ಉದಾಹರಿಸುವುದುಂಟು. ಅದು ಕೋವಿಯನ್ನು ಹೊಂದಿರುವುದಕ್ಕೆ ಸಂಬಂಧಪಟ್ಟದ್ದು, ಗುಂಡು ಎರೆಯುವುದಕ್ಕಲ್ಲ. ಆದಕಾರಣ ಶಿಷ್ಯನಿಗೆ, "ಕೋವಿಗುಂಡಿನ ಅಚ್ಚನ್ನು ನೋಡಲೂ ಹೋಗಬೇಡ. ಅಜ್ಜನ ಕಾಲಾನಂತರ ಕೋವಿಯ ಪರವಾನಗಿ ತಾನಾಗಿ ನಿನಗೆ ಬಂದಿಲ್ಲ. ಅದರ ಸಂಗತಿಯನ್ನು ಠಾಣೆಯಲ್ಲಿ ಇತ್ಯರ್ಥ ಮಾಡಿಕೊ. ಬಲೆಯ ಗುಂಡಾದರೆ ಕುಳಿತುಕೋ, ಮಾತಾಡೋಣ" ಎಂದೆ.

ಬಲೆಗೆ ಸೀಸವೇ ಏಕೆ? ನೀರಿನಲ್ಲಿ ಮುಳುಗಿದ ಪದಾರ್ಥ ತಾನು ಸರಿಸಿದ ನೀರಿನ ತೂಕದಷ್ಟು ಹಗುರವಾಗುತ್ತದೆಂಬ ಆರ್ಕಿಮಿಡೀಸನ ನಿಯಮವನ್ನು ನಾವೆಲ್ಲರೂ ಶಾಲೆಯಲ್ಲಿ ಒಪ್ಪಿಸಿದ್ದೇವೆ. ಸಾಧಾರಣ ಕಲ್ಲು ನೀರಿನಲ್ಲಿ ತನ್ನ ತೂಕದ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ; ನೀರಿಗಿಂತ ಹನ್ನೊಂದೂಕಾಲು ಪಾಲಿಗೂ ಮಿಕ್ಕು ಭಾರವಾದ ಸೀಸ ನೂರಕ್ಕೆ ಒಂಬತ್ತರಷ್ಟನ್ನು ಮಾತ್ರ. ಬಲೆ ಬೇಗ ತಳಮುಟ್ಟಬೇಕು, ಮೀನು ಅಂಚಿನ ಕೆಳಗೆ ನುಸುಳುವಷ್ಟು ಹೊತ್ತು ಕೊಡಬಾರದು. ಹೀಗಾಗಿ ಸಣ್ಣ ಗಾತ್ರದಲ್ಲಿ ಹೆಚ್ಚು ಭಾರವಿರುವ ಲೋಹ ಬೇಕಾಯಿತು. ಒಂದು ಸೆಂಟಿಮೀಟರು ಅಡ್ಡಳತೆಯ ಸೀಸದ ಗುಂಡು ಸುಮಾರು ಆರು ಗ್ರಾಂ ತೂಗುತ್ತದೆ. ಇಂಥ ಮುನ್ನೂರು ಗುಂಡುಗಳಿಗೆ ಎರಡು ಕಿಲೋ ಸೀಸ ಸಾಕು. ಹಾಗೆಂದು ಮೀನು ಹಿಡಿಯುವುದಕ್ಕೆಲ್ಲ ಸೀಸ ಬೇಕೆಂದಲ್ಲ. ಆ ಸೀಮೆಯ ಪ್ರಸಿದ್ಧವಾದ ಕೆರೆಬೇಟೆಯಲ್ಲಿ ಬಿದಿರಿನ ಕೂಣಿಯನ್ನು ಹಿಡಿದು ಇಡೀ ಊರೇ ಕೆಸರಿಗೆ ಇಳಿಯುತ್ತದೆ, ಅಲ್ಲಿ ಒಂದು ಗುಂಜಿ ಸೀಸವೂ ಇಲ್ಲ.

ಸೀಸವನ್ನು ಕರಗಿಸುವ ವಿದ್ಯೆ ಈ ಭಾಗಕ್ಕೆ ತೀರ ಹಳೆಯದು. ಬನವಾಸಿಯ ಕಡೆ ಆಳಿದ ಚುಟು ಅರಸರು ಸೀಸದ ನಾಣ್ಯಗಳನ್ನು ಹೊರಡಿಸಿದ್ದರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಮಹಾರಠಿಗಳ ಸೀಸದ ನಾಣ್ಯಗಳು ದೊರೆತಿವೆ. ಈ ಲೋಹ ಅಷ್ಟು ಹಿಂದೆಯೇ ಮನುಷ್ಯನ ಕೈಗೆ ಪಳಗಿದ್ದಕ್ಕೆ ಕಾರಣ ಅದು ಬಹು ಸುಲಭವಾಗಿ ಕರಗುವುದು: 327 ಡಿಗ್ರಿ ಸೆಂಟಿಗ್ರೇಡಿಗೆ. ತಾಮ್ರಕ್ಕೆ 1085 ಡಿಗ್ರಿ ಬೇಕು. ಅದಕ್ಕೆ ಕುಲುಮೆ, ತಿದಿ, ಕಸುಬುದಾರ ಎಲ್ಲರೂ ಬೇಕು. ಸೀಸಕ್ಕೆ ಅಡಿಗೆಯ ಒಲೆಯೇ ಸಾಕು. ಈ ಸೌಲಭ್ಯವೇ ಅಪಾಯದ ಮೂಲವೆಂದು ನಾನು ತಿಳಿದಿದ್ದೇನೆ.

ನನ್ನ ತಾಯಿಯ ತವರಿನಲ್ಲಿ ನಡೆಯುತ್ತಿದ್ದುದನ್ನು ಹೇಳುತ್ತೇನೆ. ಸೋದರಮಾವನು ಬಲೆಗೆ ಗುಂಡು ಎರೆಯುವ ದಿನ ನಮಗೆ, ಮಕ್ಕಳಿಗೆ, ಹಬ್ಬ. ಬಚ್ಚಲ ಒಲೆಯ ಮುಂದೆ ಸುತ್ತುವರಿದು ಕೂರುತ್ತಿದ್ದೆವು. ಬೂದು ಬಣ್ಣದ ಹಳೆಯ ತಗಡು ಸೌಟಿನಲ್ಲಿ ಮೆತ್ತಗಾಗಿ, ಕುಸಿದು, ಇದ್ದಕ್ಕಿದ್ದಂತೆ ಬೆಳ್ಳಿಯ ಕನ್ನಡಿಯಾಗುವುದನ್ನು ನೋಡುವುದಕ್ಕಿಂತ ಹೆಚ್ಚಿನ ಇಂದ್ರಜಾಲ ನಮಗೆ ಗೊತ್ತಿರಲಿಲ್ಲ. ಮೇಲೆ ಕಟ್ಟಿದ ಬೂದಿಯಂಥ ಕಿಟ್ಟವನ್ನು ಮಾವನು ಗೀರಿ ನೆಲಕ್ಕೆ ಕೊಡಹುತ್ತಿದ್ದನು. ನಾವು ಅದೇ ನೆಲದಲ್ಲಿ ಕುಳಿತು ಕಡಲೆ ತಿನ್ನುತ್ತಿದ್ದೆವು. ಕೆಲಸ ಮುಗಿದ ಮೇಲೆ ಸೌಟನ್ನು ಬೂದಿ ಹಾಕಿ ತಿಕ್ಕಿ ಒಳಕ್ಕೆ ಕೊಡುತ್ತಿದ್ದರು. ಅದು ಒಗ್ಗರಣೆಯ ಸೌಟು. ಮರುದಿನದ ಸಾರಿಗೆ ಸಾಸಿವೆ ಸಿಡಿಯುತ್ತಿದ್ದುದು ಅದರಲ್ಲಿಯೇ.

ಆದುದರಿಂದ ಹೊಸಬನು ಕೊಳ್ಳಬೇಕಾದ ಮೊದಲ ವಸ್ತು ಯಾವುದೆಂದರೆ, ಅಡಿಗೆಮನೆಗೆ ಎಂದಿಗೂ ಹಿಂದಿರುಗದ ಒಂದು ಪಾತ್ರೆ ಮತ್ತು ಒಂದು ಸೌಟು. ಎಲ್ಲರೂ ಅಚ್ಚಿನಿಂದ ಆರಂಭಿಸುತ್ತಾರೆ, ಏಕೆಂದರೆ ಅಚ್ಚು ನೋಡುವುದಕ್ಕೆ ಚೆಂದ. ಅಚ್ಚು ಕೆಟ್ಟದ್ದಾದರೆ ಗುಂಡು ವಕ್ರವಾದೀತು, ಅಷ್ಟೇ. ಪಾತ್ರೆ ಕೆಟ್ಟದ್ದಾದರೆ ಕಾಲು ಸುಟ್ಟೀತು. ಐದು ಕಿಲೋ ಸೀಸ ಅರ್ಧ ಲೀಟರಿಗಿಂತಲೂ ಕಡಮೆ ಜಾಗದಲ್ಲಿ ಹಿಡಿಯುತ್ತದೆ. ಆದಕಾರಣ ಪಾತ್ರೆಯ ಗಾತ್ರವನ್ನು ನೋಡಿ ಭಾರವನ್ನು ಊಹಿಸುವವನು ಮೋಸಹೋಗುತ್ತಾನೆ. ಪಾತ್ರೆ ಎರಕದ ಕಬ್ಬಿಣದ್ದಾಗಲಿ ದಪ್ಪ ಉಕ್ಕಿನದಾಗಲಿ ಇರತಕ್ಕದ್ದು. ತಳ ಅಗಲವಾಗಿದ್ದು ಒಲೆಯ ಮೇಲೆ ಅಲುಗದೆ ನಿಲ್ಲಬೇಕು. ಹಿಡಿಕೆಯನ್ನು ತಟ್ಟಿ ಕೂಡಿಸಿರಬೇಕು. ಬೆಸುಗೆ ಸೀಸದಿಂದ ಅಂಟಿಸಿದ ಹಿಡಿಕೆಯಾದರೆ, ಆ ಬೆಸುಗೆ ಒಳಗಿನ ಸೀಸಕ್ಕಿಂತ ಮೊದಲೇ ಕರಗಿ, ಎತ್ತುವಾಗ ಹಿಡಿಕೆ ಮಾತ್ರ ಕೈಯಲ್ಲಿ ಉಳಿಯುತ್ತದೆ. ಅಲ್ಯೂಮಿನಿಯಮ್ 660 ಡಿಗ್ರಿಯವರೆಗೆ ಕರಗುವುದಿಲ್ಲವಲ್ಲ ಎಂದು ನನ್ನ ಶಿಷ್ಯನು ವಾದಿಸಿದನು. ಕರಗುವುದಿಲ್ಲವೆಂಬುದೇನೋ ನಿಜ, ಆದರೆ ಅದಕ್ಕಿಂತ ಬಹಳ ಕೆಳಗೇ ಅದರ ಬಿಗುವು ತಗ್ಗಿ, ಭಾರಕ್ಕೆ ತಳ ಜೋಲುತ್ತದೆ. ಕಲಾಯಿ ಹಾಕಿದ ಹಿತ್ತಾಳೆಯಲ್ಲಿ ಕಲಾಯಿಯ ತವರ ಸೀಸದೊಳಗೆ ಕರಗಿಹೋಗುತ್ತದೆ. ಮಣ್ಣಿನ ಮಡಕೆ ಯಾವ ಗಳಿಗೆಯಲ್ಲಿ ಬಿರಿದೀತೆಂದು ಹೇಳಲಾಗದು.

ಕೆಳಗಿನ ಕೊಳವೆಯಿಂದ ಸೀಸ ಸುರಿಯುವ ವಿದ್ಯುತ್ ಒಲೆಗಳು ಈಗ ದೊರೆಯುತ್ತವೆ. ಶಾಖವನ್ನು ತಾವೇ ಹತೋಟಿಯಲ್ಲಿಡುವುದು ಅವುಗಳ ಗುಣ. ಕೊಳವೆಯ ಬಾಯಲ್ಲಿ ಕಿಟ್ಟ ಸಿಕ್ಕಿಕೊಂಡು ತೊಟ್ಟಿಕ್ಕುವುದು ದೋಷ. ವರ್ಷಕ್ಕೊಮ್ಮೆ ಬಲೆ ಕಟ್ಟುವವನಿಗೆ ಅಷ್ಟು ವೆಚ್ಚ ಅನಾವಶ್ಯಕವೆಂದು ನನ್ನ ಮತ. ಬಯಲಿನಲ್ಲಿ ಇಟ್ಟ ಗ್ಯಾಸಿನ ಒಂಟಿ ಒಲೆ ಸಾಕು, ಕಟ್ಟಿಗೆಯ ಒಲೆಯಲ್ಲಿ ಉರಿ ಕೈಗೆ ಸಿಕ್ಕುವುದಿಲ್ಲ. ಶಾಖವನ್ನು ಅಳೆಯಲು ಪ್ರಯೋಗಶಾಲೆಯ ಪಾದರಸದ ಉಷ್ಣಮಾಪಕವನ್ನು ಅದ್ದುವ ಸಾಹಸ ಬೇಡ. ಪಾದರಸ 357 ಡಿಗ್ರಿಗೆ ಕುದಿಯುತ್ತದೆ; ಗಾಜು ಒಡೆದರೆ ಒಂದು ವಿಷದ ಜೊತೆಗೆ ಮತ್ತೊಂದು ವಿಷ. ಲೋಹದ ಕಡ್ಡಿಯಿರುವ ಮುಳ್ಳಿನ ಉಷ್ಣಮಾಪಕವನ್ನು ಕೊಳ್ಳಬೇಕು. 350ರಿಂದ 400 ಡಿಗ್ರಿಯೊಳಗೆ ಕೆಲಸ ನಡೆದರೆ ಸೀಸದ ಆವಿ ಅತ್ಯಲ್ಪ. ಅದಕ್ಕೆ ಮೀರಿ ಕಾಯಿಸಿದಷ್ಟೂ ಕಿಟ್ಟವೂ ಹೊಗೆಯೂ ಹೆಚ್ಚು.

ಇನ್ನು ಅಚ್ಚು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲು ಅಪ್ಪಣೆಯಾಗಬೇಕು, ಏಕೆಂದರೆ ನಮ್ಮ ಸೀಮೆಗೆ ಇದರಲ್ಲಿ ಒಂದು ಹೆಚ್ಚುಗಾರಿಕೆ ಉಂಟು. ಅಂಗಡಿಯ ಅಚ್ಚುಗಳು ಮೂರು ಬಗೆ. ಕಬ್ಬಿಣದ್ದು ಬಾಳಿಕೆಯದು, ಆದರೆ ಮಲೆನಾಡಿನ ಮಳೆಗಾಲದಲ್ಲಿ ಎಣ್ಣೆ ಸವರಿಡದಿದ್ದರೆ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯದು ಭಾರ ಮತ್ತು ದುಬಾರಿ. ಅಲ್ಯೂಮಿನಿಯಮಿನದು ಹಗುರ, ಬೇಗ ಕಾಯುತ್ತದೆ, ಹೊಸಬನ ಕೈಗೆ ಒಗ್ಗುತ್ತದೆ. ಪೆಟ್ಟಿಗೆ ಮಾತ್ರ ತಾಳದು. ಇವು ಮೂರೂ ಇಲ್ಲದ ಕಾಲದಲ್ಲಿ ಜನ ಬಳಪದ ಕಲ್ಲನ್ನು ಬಳಸುತ್ತಿದ್ದರು. ಹೊಸದಾಗಿ ಅಗೆದಾಗ ಚಾಣಕ್ಕೆ ಬೆಣ್ಣೆಯಂತೆ ಮಣಿಯುವ, ಬೆಂಕಿಗೆ ಬಿರಿಯದ ಈ ಕಲ್ಲಿನ ಗುಣವನ್ನು ನಮ್ಮ ಶಿಲ್ಪಿಗಳು ಬಳ್ಳಿಗಾವೆಯ ಕೇದಾರೇಶ್ವರದಲ್ಲಿ ತೋರಿಸಿದ್ದಾರೆ. ಅದೇ ಕಲ್ಲಿನ ಎರಡು ಚಪ್ಪಟೆ ತುಂಡುಗಳನ್ನು ಒಂದರ ಮೇಲೊಂದು ಉಜ್ಜಿ ಬೆಳಕು ನುಸುಳದಂತೆ ಕೂಡಿಸಿ, ಎರಡರಲ್ಲಿಯೂ ಎದುರುಬದುರಾಗಿ ಅರೆಗುಂಡಿನ ಗುಳಿ ಕೊರೆದರೆ ಅಚ್ಚು ಸಿದ್ಧವಾಯಿತು. ಸೀಸ ಇಳಿಯಲು ಮೇಲೊಂದು ಕೊಳವೆ, ಒಳಗಿನ ಗಾಳಿ ಹೊರಡಲು ಕೂದಲೆಳೆಯಷ್ಟು ಗೀರುಗಳು, ಎರಡು ಹೋಳು ಸರಿಯಾಗಿ ಕೂರಲು ಎರಡು ಮೊಳೆ. ಬಲೆಯ ಹುರಿಗಾಗಿ ಗುಂಡಿನ ನಡುವೆ ತೂತು ಬೇಕಾದುದರಿಂದ ಅಡ್ಡಲಾಗಿ ಒಂದು ನಯವಾದ ಉಕ್ಕಿನ ತಂತಿಯನ್ನು ಇಡಬೇಕು. ತಂತಿಗೂ ಗುಳಿಗೂ ಎಣ್ಣೆದೀಪದ ಮಸಿಯನ್ನು ಹಿಡಿಸಿದರೆ ಗುಂಡು ಅಂಟದೆ ಬಿಡುತ್ತದೆ. ಈ ಮಸಿಯ ಉಪಾಯವನ್ನು ಅಂಗಡಿಯ ಅಲ್ಯೂಮಿನಿಯಮ್ ಅಚ್ಚಿಗೂ ಮಾಡಬಹುದು.

ಒಂದೇ ಸಲಕ್ಕೆ ಆರು ಗುಂಡು ಬೀಳುವ ಅಚ್ಚಿಗೆ ಆಸೆಪಡಬಾರದು. ಹೊಸಬನ ಸೌಟು ಆರನೆಯ ಗುಳಿಗೆ ಬರುವಷ್ಟರಲ್ಲಿ ಮೊದಲನೆಯದು ಹೆಪ್ಪುಗಟ್ಟಿರುತ್ತದೆ. ಎರಡು ಗುಳಿಯದು ಸಾಕು. ಮೊದಲ ಹತ್ತು ಹನ್ನೆರಡು ಗುಂಡುಗಳು ಸುಕ್ಕುಗಟ್ಟಿ ಬಂದರೆ ಅಚ್ಚು ಇನ್ನೂ ತಣ್ಣಗಿದೆಯೆಂದು ಅರ್ಥ. ಅವನ್ನು ಮತ್ತೆ ಪಾತ್ರೆಗೆ ಹಾಕಿ ಮುಂದುವರಿಯಬೇಕು. ಗುಂಡಿನ ಮೈ ಮಂಜು ಕವಿದಂತೆ ಮಂಕಾಗಿದ್ದರೆ ಶಾಖ ಮಿತಿಮೀರಿದೆ. ಇಲ್ಲಿ ಒಂದು ಸ್ವಾರಸ್ಯ ನೆನಪಿಗೆ ಬರುತ್ತದೆ: ಅಚ್ಚೇ ಇಲ್ಲದೆ ಗುಂಡು ಮಾಡುವ ಉಪಾಯಕ್ಕೆ ಬ್ರಿಸ್ಟಲ್ ಪಟ್ಟಣದ ವಿಲಿಯಂ ವಾಟ್ಸ್ ಎಂಬಾತನು 1782ರಲ್ಲಿ ಸನ್ನದು ಪಡೆದನು. ಎತ್ತರದಿಂದ ಜರಡಿಯ ಮೂಲಕ ಸುರಿದ ಸೀಸ ಬೀಳುವಾಗಲೇ ಮಳೆಹನಿಯಂತೆ ದುಂಡಗಾಗಿ, ಕೆಳಗಿನ ನೀರಿನ ತೊಟ್ಟಿಯಲ್ಲಿ ತಣಿಯುತ್ತದೆ. ಅದಕ್ಕಾಗಿ ಆತನು ತನ್ನ ಮನೆಯನ್ನೇ ಗೋಪುರದಂತೆ ಎತ್ತರಿಸಿದನು. ಕುಪ್ಪಗಡ್ಡೆಯ ಹಂಚಿನ ಮನೆಗಳಿಗೆ ಇದು ಅನ್ವಯಿಸುವುದಿಲ್ಲ.

ನೀರಿನ ಮಾತು ಬಂದುದರಿಂದ ಹೇಳುತ್ತೇನೆ. ಕಾದ ಸೀಸ ನೀರಿನ ಮೇಲೆ ಬೀಳುವುದು ಒಂದು. ಕಾದ ಸೀಸದ ಕೆಳಗೆ ನೀರು ಹೋಗುವುದು ಇನ್ನೊಂದು. ಒಂದು ಹನಿ ನೀರು ಹಬೆಯಾದಾಗ ಸಾವಿರದ ಏಳುನೂರು ಪಾಲಿನಷ್ಟು ಹಿಗ್ಗುತ್ತದೆ. ಅದು ಸೀಸದ ಅಡಿಯಲ್ಲಿ ಹಿಗ್ಗಿದರೆ ಮೇಲಿನ ಸೀಸವೆಲ್ಲ ಹಾರಬೇಕಷ್ಟೇ. ಇಪ್ಪತ್ತರ ವಯಸ್ಸಿನಲ್ಲಿ, ಇದೆಲ್ಲವನ್ನೂ ಪುಸ್ತಕದಲ್ಲಿ ಓದಿ ತಿಳಿದಿದ್ದ ನಾನು, ತೊಳೆದ ಸೌಟನ್ನು ಒರಸದೆ ಪಾತ್ರೆಗೆ ಅದ್ದಿದೆ. ಬಂದೂಕಿನ ಸದ್ದಿನಂತೆ ಒಂದು ಸದ್ದು. ಕನ್ನಡಕವಿದ್ದುದರಿಂದ ಕಣ್ಣು ಉಳಿಯಿತು. ಎಡಗೈಯ ಮೇಲೆ ಮೂರು ಬಿಳಿಯ ಕಲೆಗಳು ಈಗಲೂ ಇವೆ. ಮಾಡಿನ ಹಂಚಿಗೆ ಅಂಟಿದ ಸೀಸದ ಹನಿಗಳನ್ನು ಆ ಮನೆಯವರು ಬಹುಕಾಲ ನೆಂಟರಿಗೆ ತೋರಿಸುತ್ತಿದ್ದರು. ಆದಕಾರಣ ಸಲಕರಣೆಯ ಪಟ್ಟಿಯಲ್ಲಿ ಮುಖವನ್ನೂ ಮುಚ್ಚುವ ರಕ್ಷಾಕನ್ನಡಕ, ತೊಗಲಿನ ಕೈಗವಸು, ಮುಚ್ಚಿದ ಜೋಡು, ಹತ್ತಿಯ ಉದ್ದತೋಳಿನ ಅಂಗಿ ಇವು ಅಚ್ಚಿಗಿಂತ ಮೇಲೆ ಬರಬೇಕು. ಹೊಸ ಸೀಸದ ತುಂಡನ್ನು ಪಾತ್ರೆಯ ಅಂಚಿನಲ್ಲಿ ಚೆನ್ನಾಗಿ ಕಾಯಿಸಿಯೇ ಒಳಗೆ ಬಿಡಬೇಕು. ಮಳೆಗಾಲದಲ್ಲಿ ಈ ಕೆಲಸವನ್ನು ಹಿಡಿಯಲೇ ಬಾರದು.

ಎಂಥ ಸೀಸ ಒಳ್ಳೆಯದು? ಹಳೆಯ ಕೊಳವೆ, ತಗಡು, ತಂತಿಯ ಹೊದಿಕೆ ಇವುಗಳದು ಮೃದು ಸೀಸ. ಬಲೆಗೆ ಇದೇ ಉತ್ತಮ. ಮುದ್ರಣಾಲಯದ ಅಚ್ಚುಮೊಳೆಗಳಲ್ಲಿ ಆಂಟಿಮನಿ ಮತ್ತು ತವರ ಸೇರಿರುವುದರಿಂದ ಅಕ್ಷರದ ಅಂಚು ಚೂಪಾಗಿ ಮೂಡುತ್ತದೆ. ಆದರೆ ಅಂಥ ಗಡಸು ಸೀಸ ಹುರಿಗೆ ಒತ್ತಿದಾಗ ಮಣಿಯದೆ ಮುರಿಯುತ್ತದೆ. ಮೋಟಾರು ಚಕ್ರಗಳಿಗೆ ಸಿಕ್ಕಿಸುವ ತೂಕಗಳಲ್ಲಿ ಕೆಲವು ಸತುವಿನವು. ಸತು 419 ಡಿಗ್ರಿಗೆ ಕರಗುವುದರಿಂದ, ಶಾಖ 400ರೊಳಗಿದ್ದರೆ ಅವು ಕರಗದೆ ತೇಲುತ್ತವೆ, ಆರಿಸಿ ತೆಗೆಯಬಹುದು. ಹಳೆಯ ಬ್ಯಾಟರಿಯನ್ನು ಮಾತ್ರ ಯಾರೂ ಮನೆಯಲ್ಲಿ ಒಡೆಯಕೂಡದು. ಅದರಲ್ಲಿರುವುದು ಬರಿಯ ಸೀಸವಲ್ಲ, ಸೀಸದ ಪುಡಿ ಮತ್ತು ಗಂಧಕಾಮ್ಲ. ಅದನ್ನು ಮಾರಾಟಗಾರನಿಗೆ ಹಿಂದಿರುಗಿಸುವ ಏರ್ಪಾಡನ್ನು 2001ರ ನಿಯಮಗಳೂ ಅವುಗಳ ಸ್ಥಾನದಲ್ಲಿ ಬಂದ 2022ರ ನಿಯಮಗಳೂ ಮಾಡಿವೆ. ಕರಗಿದ ಸೀಸವನ್ನು ಶುದ್ಧಿಮಾಡಲು ಕಡಲೆಕಾಳಿನಷ್ಟು ಜೇನುಮೇಣವನ್ನು ಹಾಕಿ ಕಲಕುವುದುಂಟು. ಅದು ಹೊಗೆಯಾಡಿ ಹೊತ್ತಿಕೊಳ್ಳುತ್ತದೆಯಾದುದರಿಂದ ಮುಖವನ್ನು ದೂರವಿಡಬೇಕು.

ಜನ ಹೆದರುವುದು ಹೊಗೆಗೆ. ನಾನು ಹೆದರುವುದು ಆ ಬೂದುಬಣ್ಣದ ಕಿಟ್ಟಕ್ಕೆ. ಅದು ಪುಡಿಯಾಗಿ ನೆಲಕ್ಕೆ, ಬಟ್ಟೆಗೆ, ಬೆರಳಿಗೆ ಹತ್ತಿ, ಬೆರಳಿನಿಂದ ಬಾಯಿಗೆ ಹೋಗುತ್ತದೆ. ದೊಡ್ಡವರಿಗಿಂತ ಮಕ್ಕಳ ಮೈ ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಹೀರಿದ್ದು ಎಲುಬಿನಲ್ಲಿ ವರ್ಷಗಟ್ಟಲೆ ನೆಲಸುತ್ತದೆ. ಹೆಣ್ಣುಮಗು ಬೆಳೆದು ಬಸುರಿಯಾದಾಗ ಆ ಎಲುಬಿನಿಂದ ಹೊರಟು ಗರ್ಭದ ಶಿಶುವನ್ನೂ ಮುಟ್ಟುತ್ತದೆ. ಮಗುವಿನ ಬುದ್ಧಿಗೆ ಹಾನಿಮಾಡದಷ್ಟು ಸೀಸದ ಪ್ರಮಾಣ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಳೆದ ಶತಮಾನದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನದವರು ದೇಶದ ಕೆಲವು ಮಹಾನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸೀಸ ಮಿತಿಮೀರಿ ಕಂಡುಬಂತು. ಆ ಕಾಲದಲ್ಲಿ ಪೆಟ್ರೋಲಿನಲ್ಲಿಯೇ ಸೀಸವಿತ್ತು. 2000ದಲ್ಲಿ ಅದನ್ನು ದೇಶಾದ್ಯಂತ ನಿಲ್ಲಿಸಿದರು. ಗಾಳಿಯಿಂದ ಹೊರಗೆ ಹೋದದ್ದನ್ನು ಬಚ್ಚಲ ಒಲೆಯ ಮೂಲಕ ಒಳಗೆ ತರಿಸಿಕೊಳ್ಳುವುದು ಜಾಣತನವಲ್ಲ. ಎರಕದ ಜಾಗ ಮನೆಯಿಂದ ಹೊರಗೆ, ಗಾಳಿಯಾಡುವ ಕಡೆ, ಮಕ್ಕಳು ಸುಳಿಯದ ಕಡೆ ಇರತಕ್ಕದ್ದು. ಕಿಟ್ಟಕ್ಕೆ ಮುಚ್ಚಳವಿರುವ ಒಂದು ತಗಡಿನ ಡಬ್ಬಿ ಬೇಕು. ಪಾತ್ರೆ ಪೂರ್ಣವಾಗಿ ಆರಿದ ಮೇಲೆ ನೆಲವನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರಸಬೇಕು. ಅಂಗಿಯನ್ನು ಬೇರೆಯಾಗಿ ಒಗೆದು, ಕೈಯನ್ನು ಸಾಬೂನಿನಿಂದ ತೊಳೆಯುವವರೆಗೆ ಎಲೆಯಡಿಕೆಯನ್ನೂ ಮುಟ್ಟಬಾರದು.

"ಇಷ್ಟೆಲ್ಲ ತಾಪತ್ರಯ ಏಕೆ ಸಾರ್, ಬೇರೆ ದಾರಿಯಿಲ್ಲವೆ?" ಎಂದು ಶಿಷ್ಯನು ಕೊನೆಗೆ ಕೇಳಿದನು. ಇದೆ. ಕಬ್ಬಿಣ ನೀರಿನಲ್ಲಿ ತನ್ನ ತೂಕದ ಎಂಟನೆಯ ಒಂದು ಪಾಲನ್ನು ಮಾತ್ರ ಕಳೆದುಕೊಳ್ಳುತ್ತದೆ. ಸಣ್ಣ ಕೊಂಡಿಯ ಕಬ್ಬಿಣದ ಸರಪಳಿಯನ್ನು ಬಲೆಯ ಅಂಚಿಗೆ ಹೊಲಿದರೆ ತೂಕದಲ್ಲಿ ಸೀಸಕ್ಕೆ ಹೆಚ್ಚು ಕಡಮೆ ಸಮ. ಗಾತ್ರ ಒಂದೂವರೆಯಷ್ಟು, ತುಕ್ಕಿನ ಕಾಟ ಬೇರೆ. ಗಾಳದವರ ಸಣ್ಣ ಸೀಸಗಳನ್ನು ಹಂಸಗಳು ಕಲ್ಲೆಂದು ನುಂಗಿ ಸಾಯುತ್ತಿದ್ದುದರಿಂದ ಇಂಗ್ಲೆಂಡಿನಲ್ಲಿ 1987ರಲ್ಲಿಯೇ ಅವನ್ನು ನಿಷೇಧಿಸಿದರು. ಸೊರಬದ ಗುಡವಿಯ ಕೆರೆಗೆ ಪ್ರತಿವರ್ಷ ಬರುವ ನೀರುಹಕ್ಕಿಗಳನ್ನು ನೋಡಿದವರಿಗೆ ಈ ಮಾತು ದೂರದ್ದೆನಿಸಲಾರದು. ಬಲೆಯಿಂದ ಕಳಚಿ ಕೆರೆಯಲ್ಲಿ ಉಳಿದ ಗುಂಡು ಕರಗಿ ಹೋಗುವುದಿಲ್ಲ.

ಅವನು ಎರಡನ್ನೂ ಮಾಡಿದ್ದಾನೆ. ಹೊಸ ಬಲೆಗೆ ಸರಪಳಿ ಹಾಕಿಸಿದ್ದಾನೆ. ಅಪ್ಪನ ಬಲೆಯಲ್ಲಿ ಉದುರಿಹೋಗಿದ್ದ ಗುಂಡುಗಳ ಬದಲಿಗೆ ಅಟ್ಟದ ಸೀಸದಿಂದ ಅರುವತ್ತು ಗುಂಡುಗಳನ್ನು ಕೊಟ್ಟಿಗೆಯ ಹಿಂದಿನ ಬಯಲಿನಲ್ಲಿ ಎರೆದಿದ್ದಾನೆ. ಪಾತ್ರೆಯನ್ನು ಶಿವಮೊಗ್ಗದಿಂದ ಕೊಂಡುಹೋದನು. ಸೌಟು ಮಾತ್ರ ಮನೆಯದೇ. ತಾಯಿ ಕೊಡಲು ಒಪ್ಪಿದರಂತೆ. ಅದರ ಅಂಚಿನಲ್ಲಿ ಸೀಸ ಸಣ್ಣಗೆ ಸುರಿಯುವಂತೆ ಅರದಿಂದ ಆಳವಾದ ಒಂದು ಕಚ್ಚು ಹಾಕಿಸಿದ್ದಾನೆ. ಆ ಕಚ್ಚಿನಿಂದ ಎಣ್ಣೆಯೆಲ್ಲ ಸೋರುವುದರಿಂದ ಇನ್ನು ಅದರಲ್ಲಿ ಒಗ್ಗರಣೆ ಹಾಕುವಂತಿಲ್ಲ.